ಮೊದಲ ಪೆಟ್ಟಿಗೆ

ಗೋಣಿಕೊಪ್ಪದ ಬಸ್ ನಿಲ್ದಾಣದ ಎದುರು ನನ್ನ ಔಷಧದಂಗಡಿ.
ಇಪ್ಪತ್ತೇಳು ವರ್ಷದ ದಾಸ್ತಾನು ಪುಸ್ತಕಗಳು
ಅಟ್ಟದ ಮೇಲೆ, ಗೆದ್ದಲಿಗೆ ಅರ್ಧ, ನನಗರ್ಧ.
ನಿನ್ನೆ ಒಂದನ್ನಿಳಿಸಿ ಕೊಡವಿದೆ,
ಹನ್ನೊಂದು ಸಲ ಸೀನಿದೆ.

ಒಂಟಿ ಸೀನಾದರೆ ಹೊರಟ ಕಾಲು ನಿಲ್ಲಬೇಕು,
ಜೋಡಿಯಾದರೆ ಹೋಗಿಬರಬಹುದು.
ಅವ್ವನ ಲೆಕ್ಕ ಅಷ್ಟಕ್ಕೇ ಮುಗಿಯುತ್ತಿತ್ತು.
ಹನ್ನೊಂದಕ್ಕೆ ಯಾವ ಶಕುನ?
ಅಷ್ಟು ದೂರ ಅವಳ ಕಾಲದಲ್ಲಿ ಯಾರೂ ಎಣಿಸಿರಲಿಲ್ಲ.

ಹಳೆಯ ಪುಟ ಹೇಳುತ್ತದೆ:
ಸೀನಿನ ಮಾತ್ರೆಯ ಮೊದಲ ಪೆಟ್ಟಿಗೆ ಒಡೆದದ್ದು
ಮಾರ್ಚ್ ಇಪ್ಪತ್ತೊಂಬತ್ತಕ್ಕೆ,
ಹೂಮಳೆ ಬಿದ್ದ ಒಂಬತ್ತನೆಯ ದಿನ.
ತೋಟಗಳೆಲ್ಲ ಬಿಳಿ, ಊರೆಲ್ಲ ಘಮ,
ಎರಡು ವಾರದ ಮಾತು. ಉಳಿದ ಮಾತ್ರೆ
ಕೆಮ್ಮಿನ ಸಿರಪ್ಪಿನ ಹಿಂದೆ ವರ್ಷವಿಡೀ ಕೂತಿತ್ತು.
ಆಮೇಲೆ ತಾರೀಖು
ಇಳಿಜಾರಿನಲ್ಲಿ ಬ್ರೇಕು ಬಿಟ್ಟ ಜೀಪಿನಂತೆ
ಹಿಂದೆ, ಹಿಂದೆ.
ಮಾರ್ಚ್ ಹತ್ತು. ಫೆಬ್ರವರಿಯ ಒಂದು ಸಂತೆ ದಿನ.
ಈ ಸಲ ಜನವರಿ ಎಂಟು:
ಕಾಲವಲ್ಲದ ಮಳೆ ಬಿದ್ದು, ಕೊಯ್ಲು ಮುಗಿಯದ ಗಿಡದಲ್ಲಿ
ಕೆಂಪು ಹಣ್ಣು, ಅದರ ಪಕ್ಕದಲ್ಲೇ ಬಿಳಿ ಹೂವು,
ಅಜ್ಜಿಯ ಮದುವೆಗೆ ಮೊಮ್ಮಗಳು ಬಂದ ಹಾಗೆ.

ಮೊಯ್ದು ಮಾಸ್ಟ್ರು ಕೌಂಟರಿಗೆ ಮೊಣಕೈ ಊರಿದರು.
‘ಆಗಲೂ ಸೀನುತ್ತಿದ್ದೆವಯ್ಯ. ನೆಗಡಿ ಅನ್ನುತ್ತಿದ್ದೆವು,
ಕಂಬಳಿ ಹೊದ್ದು ಆವಿ ಹಿಡಿಯುತ್ತಿದ್ದೆವು.
ನೀನು ಅಲರ್ಜಿ ಅಂತ ಹೆಸರು ಮಾರಿದೆ,
ನಾವು ಕೊಂಡೆವು.’
ನಿಜ. ಅರ್ಧ ಲಾಭ ಆ ಹೆಸರಿನದೇ, ಒಪ್ಪಿದೆ.
ಆದರೆ ಮಾಸ್ಟ್ರೇ, ಹೆಸರು ಜನರನ್ನು ಅಂಗಡಿಗೆ ತಂದೀತು,
ಹೂವನ್ನು ಜನವರಿಗೆ ತಂದೀತೇ?
ಉತ್ತರಕ್ಕೆ ಬಾಯಿ ತೆರೆದರು,
ಸೀನು ಬಂತು.

ಚಿಟ್ಟಿಯಪ್ಪ ಈಗ ಮೋಡ ನೋಡುವುದಿಲ್ಲ,
ಹೊಳೆಗೆ ಪೈಪಿಳಿಸಿ ತಾನೇ ಮಳೆಯಾಗುತ್ತಾನೆ.
ವಾರ ಬಿಟ್ಟು ಪಕ್ಕದ ತೋಟದವನು, ಮತ್ತೊಂದು ವಾರಕ್ಕೆ ಅದರಾಚೆಯವನು.
ಹೂವಿಗೆ ಹಬ್ಬವಿತ್ತು, ಈಗ ಪಾಳಿ.
ನೆರಳಿನ ಮರಗಳೂ ಬದಲಾದವು.
ಅತ್ತಿ, ಬಸರಿ ತಮ್ಮ ಹೂವನ್ನು
ಕಾಯೊಳಗೇ ಮುಚ್ಚಿಟ್ಟುಕೊಳ್ಳುವ ಸಂಕೋಚದವು,
ಗಾಳಿಗೆ ಒಂದು ಚಿಟಿಕೆ ಪುಡಿ ಕೊಡುತ್ತಿರಲಿಲ್ಲ.
ಊರ ಹೆಸರಿನಲ್ಲಿ ಕೂತಿರುವ ಗೋಣಿಯೂ ಆ ಕುಲದ್ದೇ;
ನಿಲ್ದಾಣದ ಸುತ್ತ ಹುಡುಕಿದೆ, ಒಂದೂ ಇಲ್ಲ.
ಕಡಿದ ಜಾಗದಲ್ಲಿ ಸಿಲ್ವರ್ ಓಕು, ಸಾಲು ಸಾಲು.
ಅದನ್ನೇ ದೂರಲೇ? ರಸ್ತೆ ಬದಿಯ ಹುಲ್ಲನ್ನೇ?
ಸೆಕೆಯನ್ನೇ? ಮೂಗು ಸಾಕ್ಷಿ ಹೇಳುತ್ತದೆ,
ಕಳ್ಳನ ಮುಖ ಹೇಳುವುದಿಲ್ಲ.

ಪೂವಮ್ಮನ ಮೊಮ್ಮಗ ಟೈಲ್ಸಿನ ಮೇಲೆ ಬೆಳೆದವನು,
ಕೆಸರು ಮುಟ್ಟಿದರೆ ಸೋಪು ಮುಟ್ಟಬೇಕು.
ಅವನ ಒಂದೊಂದು ಸೀನಿಗೂ ಅಜ್ಜಿ ‘ಚಿರಂಜೀವಿ’ ಎಂದಳು.
ಏಳಕ್ಕೆ ಪುರಾಣದ ಚಿರಂಜೀವಿಗಳು ಮುಗಿದರು,
ಎಂಟನೆಯದಕ್ಕೆ ಸುಮ್ಮನೆ ಬೆನ್ನು ಸವರಿದಳು.

ಸಂಜೆ ತೋಲ ಬಂದ, ಕಣ್ಣು ಕೆಂಡ.
ಅವನು ಬೆಳೆದದ್ದು ಕೆಸರಲ್ಲೇ.
‘ನಿದ್ದೆ ಬರದ ಮಾತ್ರೆ ಕೊಡಿ, ನಾಳೆ ಮೆಣಸು ಕೊಯ್ಲು,
ಮೂವತ್ತಡಿ ಏಣಿ.’
ನಿದ್ದೆ ಬರದ್ದಕ್ಕೆ ಬೆಲೆ ಹೆಚ್ಚು.
ಅಂಗೈಯಲ್ಲಿ ಚಿಲ್ಲರೆ ಎಣಿಸಿದ, ಮತ್ತೊಮ್ಮೆ ಎಣಿಸಿದ,
‘ಎರಡು ಸಾಕು’ ಎಂದ.
ಕತ್ತರಿಯಲ್ಲಿ ನಾಲ್ಕು ಕತ್ತರಿಸಿದೆ.
ಪುಸ್ತಕದಲ್ಲಿ ನಾಲ್ಕು ಎಂದು ಬರೆದೆ.
ಏಣಿ ಎಂದು ಬರೆಯಲು ಅಲ್ಲಿ ಕಾಲಂ ಇಲ್ಲ.

ಷಟರ್ ಎಳೆಯುವಾಗ ತೋಟದ ಕಡೆಯಿಂದ ಘಮ ಬಂತು.
ಸುಳ್ಳೇಕೆ, ಈಗಲೂ ಇಷ್ಟವೇ.
ಪರಾಗ, ಪರಾಗ ಎಂದು ಬಾಯಲ್ಲಿ ಆಡಿಸಿದೆ:
ಲಗ್ನಪತ್ರಿಕೆಯಲ್ಲಿ ಅಚ್ಚಾಗುವಂಥ ಮಾತು.
ಗಾಜಿನ ಮೇಲೆ ಅದು ಬರೀ ಹಳದಿ ಧೂಳು,
ಬೆಳಿಗ್ಗೆ ಒರೆಸಿದ್ದೆ.

ಮುಂದಿನ ಪೆಟ್ಟಿಗೆ ಪುತ್ತರಿಗೇ ತರಿಸಬೇಕು.